ಕಪ್ಪೆಯ ಹೃದಯ, ಅವ್ವನ ಹಂಡೆ

ಮೊನ್ನೆ ಭಾನುವಾರ ಚಹಾದ ಕೆಟಲ್‌ಗೆ ಲಿಂಬಿಹಣ್ಣು ಹಿಂಡಿ ತಿಕ್ಕುತ್ತಾ ನಿಂತಿದ್ದೆ. ಲಂಡನ್ನಿನ ನಲ್ಲಿ ನೀರು ಬಲು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಎರಡು ವಾರ ಬಿಟ್ಟರೆ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಇದ್ಯಾಕೆ ಹೀಗೆ ಅಂತ ಮಗಳು ಕೇಳಿದ್ದಕ್ಕೆ ಈ ಊರಿನ ನೀರಿನ ಕಥೆಯನ್ನೇ ಹೇಳಿದೆ.

ಸಿಡ್ನಿ ರಿಂಗರ್ ಅನ್ನೋ ಡಾಕ್ಟರು ಇಲ್ಲೇ ಕಪ್ಪೆಯ ಹೃದಯವನ್ನು ಉಪ್ಪುನೀರಲ್ಲಿ ಇಟ್ಟು ನೋಡುತ್ತಿದ್ದರು. ಚೆನ್ನಾಗಿ ಬಡಿಯುತ್ತಿತ್ತು. ಆ ಉಪ್ಪುನೀರನ್ನು ಭಟ್ಟಿ ಇಳಿಸಿದ ನೀರಲ್ಲಲ್ಲ, ನಲ್ಲಿ ನೀರಲ್ಲಿ ಮಾಡಿದ್ದಾರೆ ಅಂತ ಆಮೇಲೆ ತಿಳಿಯಿತು. ಭಟ್ಟಿ ನೀರಲ್ಲಿ ಮಾಡಿದರೆ ಹೃದಯ ಸೋತು ನಿಂತೇಬಿಟ್ಟಿತು. ಚೂರು ಕ್ಯಾಲ್ಸಿಯಂ ಹಾಕಿದರೆ ಮತ್ತೆ ಬಡಿತ! 1883ರಲ್ಲಿ ಅವರು ತಮ್ಮ ಹಿಂದಿನ ಬರಹವನ್ನು ತಾವೇ ತಿದ್ದಿದರು. ಆಸ್ಪತ್ರೆಯಲ್ಲಿ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಾಟಲಿ ಮೇಲಿರೋದು ಅವರದೇ ಹೆಸರು.

ನಾನು ಲ್ಯಾಬಿನಲ್ಲಿ ದಿನಾ ನೋಡೋದು ಸಣ್ಣ ಇಲಿಗಳ ಹೃದಯ. ಬಲಗಡೆ ಮೇಲಿನ ಕೋಣೆಯಲ್ಲಿ ಪುಟ್ಟದೊಂದು ಕೋಶಗಳ ಗುಂಪು ತಾನಾಗೇ ಮಿಡಿಯುತ್ತದೆ. ಉಳಿದ ಹೃದಯವೆಲ್ಲ ಅದರ ತಾಳಕ್ಕೆ ಬಡಿಯುತ್ತದೆ. ಆ ಕೋಶಗಳ ಹೊರಪೊರೆಯಲ್ಲಿ ಕ್ಯಾಲ್ಸಿಯಂ ಒಳಗೆ ಬರಲೆಂದೇ ಸಣ್ಣ ಬಾಗಿಲುಗಳಿವೆ. ಇಲಿಯಲ್ಲಿ ಒಂದು ಬಗೆಯ ಬಾಗಿಲು ಇಲ್ಲದಂತೆ ಮಾಡಿದರೆ ಬಡಿತ ನಿಧಾನವಾಗುತ್ತದೆ, ಕಿವಿಯೂ ಕೇಳಿಸದು. 2011ರಲ್ಲಿ ಪಾಕಿಸ್ತಾನದ ಕೆಲವು ಕುಟುಂಬಗಳ ಮನುಷ್ಯರಲ್ಲೂ ಇದೇ ಜೋಡಿ ತೊಂದರೆ ಸಿಕ್ಕಿತು. ಇಲಿಗೂ ನಮಗೂ ಅಷ್ಟು ಹತ್ತಿರದ ನಂಟು.

ಮಗಳಿಗೆ ಇಲಿ ಬೇಕಿರಲಿಲ್ಲ. "ಅಮ್ಮಾ, ಹಾಗಾದ್ರೆ ಆಯಿ ಮನೆ ನೀರಲ್ಲೂ ಕಪ್ಪೆ ಹೃದಯ ಬಡೀತಿತ್ತಾ?"

ತಟ್ಟನೆ ಮಾತು ಬರಲಿಲ್ಲ. ಹುನಗುಂದದ ನಮ್ಮ ಬೋರಿನ ನೀರಿಗೆ ನಾನು ಒಂದು ಒಳ್ಳೆ ಮಾತು ಆಡಿದವಳಲ್ಲ. ಸಬಕಾರ ನೊರೆ ಬರೋದಿಲ್ಲ, ಬೇಳೆ ಬೇಯೋದಿಲ್ಲ. ಬೇಳೆಗೆ ಅಂತಲೇ ಅವ್ವ ದೂರದಿಂದ ಎರಡು ಕೊಡ ಸಿಹಿನೀರು ಹೊತ್ತು ತರುತ್ತಿದ್ದಳು. ಶಾಲೆಯಲ್ಲಿ ಗಡಸು ನೀರಿನ ಪಾಠ ಬಾಯಿಪಾಠ ಮಾಡಿಸಿದರು. ನಿಮ್ಮ ಹಂಡೆಯೊಳಗೇ ಅದು ಕೂತಿದೆ, ಹೋಗಿ ನೋಡ್ರಿ ಅಂತ ಒಬ್ಬರೂ ಹೇಳಲಿಲ್ಲ. ಅದೊಂದು ನನಗೆ ಈಗಲೂ ನೋವು.

ಉಪ್ಪಿನ ಅಳತೆ ಸರಿಯಿದ್ದರೆ ಬಡಿಯಬಹುದಿತ್ತು ಅಂದೆ.

ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಮಗಳು ಆಯಿಗೂ ಅದನ್ನೇ ಕೇಳಿದಳು. ಅವ್ವ ನಗಲಿಲ್ಲ. ಬಚ್ಚಲಿಗೆ ಹೋಗಿ ಹಂಡೆಯೊಳಗೆ ಫೋನು ಹಿಡಿದಳು. ಉಗುರಿನಿಂದ ಬಿಳಿ ಚಕ್ಕೆಯೊಂದನ್ನು ಕಿತ್ತು ತೋರಿಸಿದಳು.

"ನೋಡವಾ, ನಿಮ್ಮದಕ್ಕಿಂತ ನಮ್ಮದು ದಪ್ಪ ಐತಿ."