ಹಣವಿದ್ದಾಗ ಬೇಡದ ಗೊಬ್ಬರ, ಹದ ಬಂದಾಗ ಸಿಗದ ಬೀಜ

ಸಣ್ಣ ಹಿಡುವಳಿದಾರರಿಗೆ ಒಳ್ಳೆಯ ಬೀಜ ಮತ್ತು ಗೊಬ್ಬರ ಸಿಗುವುದಿಲ್ಲವೆಂಬ ಮಾತು ಬಂದಾಗಲೆಲ್ಲ ಚರ್ಚೆ ಬೆಲೆ ಮತ್ತು ದೂರದ ಸುತ್ತಲೇ ತಿರುಗುತ್ತದೆ. ಸಬ್ಸಿಡಿ ಕೊಡಬೇಕು, ಮಳಿಗೆ ಹತ್ತಿರವಿರಬೇಕು ಎನ್ನುವುದು ಸರಿಯೇ. ಆದರೆ ಈ ವಿಷಯದ ಅಧ್ಯಯನಗಳನ್ನು ಓದಿದಷ್ಟೂ, ಮಾರುಕಟ್ಟೆ ಕೈಕೊಡುವುದು ಹೆಚ್ಚಾಗಿ ನಂಬಿಕೆ ಮತ್ತು ಕಾಲ ಎಂಬ ಎರಡು ಕಡೆ ಎಂದು ನನಗೆ ಅನ್ನಿಸತೊಡಗಿದೆ.

ಕಾಳನ್ನು ಅಂಗೈಯಲ್ಲಿ ಹಿಡಿದವರು ಅದು ಜೊಳ್ಳೋ ಗಟ್ಟಿಯೋ ಎಂದು ಹೇಳಬಲ್ಲರು. ತಳಿ ಅಸಲಿಯೇ ಎಂದು ಹೇಳಲಾರರು. ನೂರು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಬಹುದು, ಅಷ್ಟೇ. ಉಳಿದದ್ದು ಗೊತ್ತಾಗುವ ಹೊತ್ತಿಗೆ ಹಂಗಾಮು ಕಳೆದಿರುತ್ತದೆ. ಉಗಾಂಡಾದ ಅಂಗಡಿಗಳಿಂದ ಕೊಂಡ ಮಾದರಿಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗೊಬ್ಬರದಲ್ಲಿ ಇರಬೇಕಾದ ಪೋಷಕಾಂಶದ ಸರಾಸರಿ ಶೇ. 30ರಷ್ಟು ಇರಲೇ ಇಲ್ಲ. ಹೈಬ್ರಿಡ್ ಮೆಕ್ಕೆಜೋಳದ ಬೀಜದಲ್ಲಿ ಅಸಲಿಯ ಪಾಲು ಅರ್ಧಕ್ಕಿಂತ ಕಡಿಮೆಯಿತ್ತು. ಟಾಂಜಾನಿಯಾದಲ್ಲಿ ಕಂಡದ್ದು ಇದಕ್ಕೆ ತದ್ವಿರುದ್ಧ: ಅಲ್ಲಿ ಪರೀಕ್ಷಿಸಿದ ಯೂರಿಯಾದಲ್ಲಿ ಸಾರಜನಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು, ಆದರೂ ರೈತರು ಅದನ್ನು ಕಲಬೆರಕೆಯೆಂದು ಭಾವಿಸಿದ್ದರು. ತೇವ ಹೀರಿ ಗಟ್ಟಿಕಟ್ಟಿದ ಗೊಬ್ಬರ ಕಣ್ಣಿಗೆ ಕೆಟ್ಟದ್ದಾಗಿ ಕಾಣುವುದು ಸಹಜವೇ. ಈ ಎರಡನೆಯ ಸಂಗತಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮೋಸವಿದ್ದಲ್ಲಿ ತಪಾಸಣೆ ಸಾಕಾಗಬಹುದು. ಅಪನಂಬಿಕೆಯಷ್ಟೇ ಇರುವಲ್ಲಿ ತಪಾಸಣೆಯ ಫಲಿತಾಂಶವನ್ನು ಕಡತದಲ್ಲಿ ಇಡದೆ, ಯಾವ ಮಳಿಗೆಯ ಮಾದರಿ ಹೇಗಿತ್ತೆಂದು ಕೊಳ್ಳುವವರಿಗೆ ತಿಳಿಯುವಂತೆ ಸಾರಬೇಕಾಗುತ್ತದೆ. ಹಾಗಾಗದಿದ್ದರೆ ಪ್ರಾಮಾಣಿಕ ವ್ಯಾಪಾರಿಗೂ ಕಲಬೆರಕೆ ಮಾಡುವವನಿಗೂ ಒಂದೇ ಬೆಲೆ ಸಿಗುತ್ತದೆ.

ಇನ್ನು ಕಾಲದ ಮಾತು. ರೈತರ ಕೈಯಲ್ಲಿ ಹಣವಿರುವುದು ಸುಗ್ಗಿಯಲ್ಲಿ. ಗೊಬ್ಬರ ಬೇಕಾಗುವುದು ತಿಂಗಳುಗಳ ನಂತರ, ಆ ಹಣ ಖರ್ಚಾದ ಮೇಲೆ. ಪಶ್ಚಿಮ ಕೀನ್ಯಾದಲ್ಲಿ ಅರ್ಥಶಾಸ್ತ್ರಜ್ಞರಾದ ಡುಫ್ಲೋ, ಕ್ರೆಮರ್ ಮತ್ತು ರಾಬಿನ್ಸನ್ ನಡೆಸಿದ ಪ್ರಯೋಗದಲ್ಲಿ, ಸುಗ್ಗಿ ಮುಗಿದ ಕೂಡಲೇ ಮನೆಬಾಗಿಲಿಗೆ ಬಂದು ಹಣ ಪಡೆದು, ಗೊಬ್ಬರವನ್ನು ಸಾಗಣೆ ವೆಚ್ಚವಿಲ್ಲದೆ ತಲುಪಿಸಿದಾಗ ಬಳಕೆ ಗಣನೀಯವಾಗಿ ಹೆಚ್ಚಿತು. ಅಷ್ಟೇ ಪರಿಣಾಮಕ್ಕೆ ಗೊಬ್ಬರ ಹಾಕುವ ಹೊತ್ತಿನಲ್ಲಿ ಬಹಳ ದೊಡ್ಡ ರಿಯಾಯಿತಿ ಬೇಕಾಗುತ್ತಿತ್ತು. ಗುರಿಗಳನ್ನು ಘೋಷಿಸುವುದಕ್ಕಿಂತ ಇಂಥ ಸಣ್ಣ ಏರ್ಪಾಡುಗಳ ಮೇಲೆ ನನಗೆ ಹೆಚ್ಚು ಭರವಸೆ. ಹೆಕ್ಟೇರಿಗೆ 50 ಕಿಲೋ ಪೋಷಕಾಂಶ ಬಳಸಬೇಕೆಂದು ಆಫ್ರಿಕಾದ ನಾಯಕರು 2006ರಲ್ಲಿ ಅಬುಜಾದಲ್ಲಿ ಇಟ್ಟುಕೊಂಡ ಗುರಿಯ ಹತ್ತಿರಕ್ಕೂ ಖಂಡದ ಸರಾಸರಿ 2015ರ ಗಡುವಿನೊಳಗೆ ಬರಲಿಲ್ಲ. ಚೀಲದ ಗಾತ್ರವೂ ಇಲ್ಲಿ ಮುಖ್ಯ. ತುಂಡು ಜಮೀನಿನವರಿಗೆ 50 ಕಿಲೋ ಚೀಲ ಭಾರವಾಗುತ್ತದೆ, ಚೀಲ ಬಿಚ್ಚಿ ಬಿಡಿಯಾಗಿ ಮಾರಿದರೆ ಕಲಬೆರಕೆಗೆ ದಾರಿಯಾಗುತ್ತದೆ. ಆದ್ದರಿಂದ ಕಾರ್ಖಾನೆಯಲ್ಲೇ ಮೊಹರಾದ ಒಂದೆರಡು ಕಿಲೋ ಪೊಟ್ಟಣಗಳು ಬೇಕು.

ಬೀಜದ ದಾರಿ ಬೇರೆ. ಐದು ಆಫ್ರಿಕನ್ ದೇಶಗಳು ಮತ್ತು ಹೈಟಿಯಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದರಲ್ಲಿ ರೈತರ ಬೀಜದ ಶೇ. 90ರಷ್ಟು ಸ್ವಂತ ಕಣಜ, ನೆರೆಹೊರೆ ಮತ್ತು ಸ್ಥಳೀಯ ಸಂತೆಗಳಿಂದಲೇ ಬಂದಿತ್ತು. ಹೈಬ್ರಿಡ್ ಬೀಜದ ಕಸುವು ಮರುಬಿತ್ತನೆಯಲ್ಲಿ ಇಳಿಯುವುದರಿಂದ ಅದನ್ನು ಪ್ರತಿವರ್ಷ ಕೊಳ್ಳಬೇಕು, ಹಾಗಾಗಿ ಕಂಪನಿಗಳಿಗೆ ಅದರಲ್ಲಿ ಆಸಕ್ತಿ. ಬಹುತೇಕ ದ್ವಿದಳ ಧಾನ್ಯಗಳ ಬೀಜವನ್ನು ರೈತರು ತಾವೇ ಎತ್ತಿಡಬಲ್ಲರಾದ್ದರಿಂದ ಲಾಭ ಕಡಿಮೆ, ಪೂರೈಕೆಯೂ ಕಡಿಮೆ. ಇಂಥ ಬೆಳೆಗಳಿಗೆ ಸಂತೆಯನ್ನು ಅಕ್ರಮವೆಂದು ದೂರುವುದಕ್ಕಿಂತ, ಸ್ಥಳೀಯ ಬೀಜೋತ್ಪಾದಕರಿಗೆ ತರಬೇತಿ ಕೊಟ್ಟು, ಪೂರ್ಣ ಪ್ರಮಾಣೀಕರಣಕ್ಕಿಂತ ಹಗುರವಾದ, ಗುಣಮಟ್ಟವನ್ನು ಉತ್ಪಾದಕರೇ ಘೋಷಿಸಿ ಮಾರುವ ಪದ್ಧತಿಯನ್ನು ಬೆಳೆಸುವುದು ಮೇಲು.

ಮಳಿಗೆಯವರನ್ನು ನಾವು ಅನುಮಾನದಿಂದ ನೋಡುವುದೇ ಹೆಚ್ಚು. ಅವರಿಗೂ ಬಂಡವಾಳ ಕಡಿಮೆ. ಮಾರದೆ ಉಳಿದ ಬೀಜ ಮೊಳಕೆ ಶಕ್ತಿ ಕಳೆದುಕೊಂಡು ನಷ್ಟ ತರುತ್ತದೆಂಬ ಭಯದಿಂದ ಅವರು ಮಳೆ ಬೀಳುವವರೆಗೂ ಸರಕು ತರಿಸುವುದಿಲ್ಲ. ಉಳಿದ ಬೀಜವನ್ನು ಕಂಪನಿ ಹಿಂಪಡೆಯುವ ಕರಾರೂ ಹಂಗಾಮಿಗೆ ಮೊದಲೇ ಅವರಿಗೆ ಸಾಲವೂ ಇದ್ದರೆ, ಹದ ಬಂದ ದಿನ ಮಳಿಗೆ ಖಾಲಿಯಿರುವುದು ಕಡಿಮೆಯಾದೀತು.