ಮೈನಸ್ ಹತ್ತು ಯಾರಿಗೆ?

ರಾತ್ರಿ ಒಂದೂವರೆ. ಜುಡಾ ಕಾ ತಾಲಾಬ್ ಪಕ್ಕದ ಟೆಂಟಿನಲ್ಲಿ ನಾನು ಎದ್ದು ಕೂತಿದ್ದೆ. ಮೈಮೇಲೆ ಎರಡು ಥರ್ಮಲ್, ಒಂದು ಸ್ವೆಟರ್, ಒಂದು ಜಾಕೆಟ್. ಅದರ ಮೇಲೆ ಬಾಡಿಗೆಗೆ ತಂದ ಸ್ಲೀಪಿಂಗ್ ಬ್ಯಾಗ್. ಆದರೂ ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ನನ್ನ ತಮ್ಮ ಗೊರಕೆ ಹೊಡೆಯುತ್ತಿದ್ದ. ಅವನದೂ ಅದೇ ಅಂಗಡಿಯ, ಅದೇ ಬಣ್ಣದ, ಅದೇ ನಂಬರಿನ ಬ್ಯಾಗು.

ಅದು ಡಿಸೆಂಬರ್ ಕೊನೆಯ ವಾರ. ಉತ್ತರಾಖಂಡದ ಕೇದಾರಕಂಠ ಶಿಖರಕ್ಕೆ ಹೊರಟಿದ್ದೆವು. ಡೆಹರಾಡೂನಿನಿಂದ ಇಡೀ ದಿನ ಘಾಟಿ ರಸ್ತೆಯಲ್ಲಿ ಕೂತು ಸಾಂಕ್ರಿ ಎಂಬ ಹಳ್ಳಿ ಸೇರಿ, ಮರುದಿನ ದೇವದಾರು, ಪೈನ್ ಮರಗಳ ನಡುವೆ ಹತ್ತಿದರೆ ಈ ಕೆರೆ ಸಿಗುತ್ತದೆ. ಸುಮಾರು 9,000 ಅಡಿ ಎತ್ತರ. ನೀರು ಪೂರ್ತಿ ಹೆಪ್ಪುಗಟ್ಟಿತ್ತು. ಸಂಜೆ ಅದರ ಮೇಲೆ ಬೆಳಕು ಬಿದ್ದದ್ದನ್ನು ನೋಡುತ್ತ ನಿಂತವಳಿಗೆ ರಾತ್ರಿಯ ಯೋಚನೆಯೇ ಬರಲಿಲ್ಲ. ಬ್ಯಾಗಿನ ಮೇಲೆ ದೊಡ್ಡದಾಗಿ ಮೈನಸ್ 10 ಅಂತ ಬರೆದಿತ್ತಲ್ಲ, ಅದನ್ನು ನಂಬಿದ್ದೆ.

ನಿದ್ದೆ ಹೇಗೂ ಇಲ್ಲ ಅಂತ ಹೆಡ್‌ಲ್ಯಾಂಪ್ ಹಚ್ಚಿ ಬ್ಯಾಗನ್ನೇ ತಡಕಾಡಿದೆ. ಒಳಗೆ, ಜಿಪ್ಪಿನ ಹತ್ತಿರ, ಒಂದು ಪುಟ್ಟ ಪಟ್ಟಿ ಹೊಲಿದಿದ್ದರು. ಅದರಲ್ಲಿ ಮೂರು ಅಂಕೆಗಳಿದ್ದವು. ಕಂಫರ್ಟ್ ಮೈನಸ್ 4. ಲಿಮಿಟ್ ಮೈನಸ್ 10. ಎಕ್ಸ್‌ಟ್ರೀಮ್ ಮೈನಸ್ 28. ಕಂಫರ್ಟ್ ಪಕ್ಕದಲ್ಲಿ ಒಂದು ಹೆಂಗಸಿನ ಚಿತ್ರ, ಲಿಮಿಟ್ ಪಕ್ಕದಲ್ಲಿ ಒಂದು ಗಂಡಸಿನ ಚಿತ್ರ. ನಾನು ಆ ಎರಡು ಚಿತ್ರಗಳನ್ನೇ ತುಂಬಾ ಹೊತ್ತು ನೋಡುತ್ತ ಕೂತೆ. ಹೊರಗೆ ಕಟ್ಟಿದ್ದ ಥರ್ಮಾಮೀಟರ್‌ನಲ್ಲಿ ಮೈನಸ್ 6 ಇತ್ತು ಅಂತ ಗೈಡ್ ಬೆಳಿಗ್ಗೆ ಹೇಳಿದ. ದೊಡ್ಡ ಅಕ್ಷರದ ಮೈನಸ್ 10 ನನ್ನದಲ್ಲ, ನನ್ನ ತಮ್ಮನದು!

ಬೆಂಗಳೂರಿಗೆ ಬಂದ ಮೇಲೆ ಅದರ ಬೆನ್ನು ಹತ್ತಿದೆ. ಈ ಅಂಕೆಗಳು ಬರುವುದು ಒಂದು ಪರೀಕ್ಷೆಯಿಂದ. ಯುರೋಪಿನಲ್ಲಿ 2005ರಿಂದ ಇಎನ್ 13537 ಎಂಬ ಮಾನದಂಡ ಇತ್ತು, ಈಗ ಅದರ ಜಾಗದಲ್ಲಿ ಐಎಸ್‌ಒ 23537 ಇದೆ. ಆಳೆತ್ತರದ ಗೊಂಬೆಯೊಂದಕ್ಕೆ ತೆಳು ಬಟ್ಟೆ ತೊಡಿಸಿ, ಬ್ಯಾಗಿನೊಳಗೆ ಹೊಗಿಸಿ, ಮ್ಯಾಟ್ ಮೇಲೆ ಮಲಗಿಸಿ, ತಣ್ಣನೆಯ ಕೋಣೆಯಲ್ಲಿ ಇಡುತ್ತಾರೆ. ಗೊಂಬೆಯ ಮೈ ಕರೆಂಟಿನಿಂದ ಬೆಚ್ಚಗಿರುತ್ತದೆ. ಆ ಬಿಸಿ ಉಳಿಸಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರ ಮೇಲೆ ಲೆಕ್ಕ. ಕಂಫರ್ಟ್ ಅಂದರೆ 25 ವರ್ಷದ, 60 ಕೆಜಿ ತೂಕದ ಹೆಣ್ಣುಮಗಳೊಬ್ಬಳು ಆರಾಮಾಗಿ ಮಲಗಬಹುದಾದ ಚಳಿ. ಲಿಮಿಟ್ ಅಂದರೆ ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಚಳಿ. ಎಕ್ಸ್‌ಟ್ರೀಮ್ ಅಂದರೆ ಆರು ಗಂಟೆ ಹೊತ್ತು ಜೀವ ಉಳಿಯಬಹುದು ಅಷ್ಟೇ, ಕೈಕಾಲು ಚಳಿಗೆ ಸುಟ್ಟರೂ ಸುಟ್ಟಾವು. ಆ ಮೂರನೆಯದನ್ನು ನೋಡಿ ಬ್ಯಾಗ್ ಕೊಳ್ಳುವುದು ಬಹಳ ಅಪಾಯ. ಆದರೆ ಎಷ್ಟೋ ಕಡೆ ಮಾರುವವರು ಹೇಳುವುದು ಅದನ್ನೇ, ಇಲ್ಲವಾದರೆ ಲಿಮಿಟ್ಟನ್ನು. ಚಳಿಗೆ ಬೇಗ ನಡುಗುವ ಮೈ ಇರುವವರು, ಗಂಡಸಾದರೂ ಹೆಂಗಸಾದರೂ, ಕಂಫರ್ಟ್ ಅಂಕೆ ಒಂದನ್ನೇ ನೋಡಬೇಕು. ಇದನ್ನು ಯಾರಾದರೂ ಆ ರಾತ್ರಿಗೆ ಮುಂಚೆ ನನಗೆ ಹೇಳಬೇಕಿತ್ತು.

ಅಂಕೆ ಒಂದರದೇ ತಪ್ಪಲ್ಲ ಅನ್ನಿ. ಆ ಬಾಡಿಗೆ ಬ್ಯಾಗು ಸಿಂಥೆಟಿಕ್. ಎರಡು ಕೆಜಿ ಹತ್ತಿರ ತೂಕ. ಎಷ್ಟು ಜನ ಮಲಗಿ ಎದ್ದಿದ್ದರೋ, ಒಳಗಿನ ನಾರು ಚಪ್ಪಟೆಯಾಗಿ ಹೋಗಿತ್ತು. ಎತ್ತರಕ್ಕೆ ಹೋದಾಗ ಹಸಿವು ಸತ್ತು ನಾನು ಒಂದೇ ರೊಟ್ಟಿ ತಿಂದು ಮಲಗಿದ್ದೆ. ಬ್ಯಾಗು ತಾನಾಗಿ ಬಿಸಿ ಮಾಡುವುದಿಲ್ಲ, ಮೈಯ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಒಲೆಯಲ್ಲೇ ಬೆಂಕಿ ಇಲ್ಲದಿದ್ದರೆ ಮುಚ್ಚಿಟ್ಟು ಏನು ಬಂತು?

ಮುಂದಿನ ಚಳಿಗಾಲಕ್ಕೆ ಸ್ವಂತ ಬ್ಯಾಗು ಕೊಳ್ಳುವುದು, ಅದೂ ಹಗುರವಾದ ಡೌನ್ ಬ್ಯಾಗು ಅಂತ ತೀರ್ಮಾನ ಮಾಡಿದೆ. ಡೌನ್ ಅಂದರೆ ತುಪ್ಪುಳ. ಬಾತುಕೋಳಿ, ಹೆಬ್ಬಾತುಗಳ ಎದೆಯಲ್ಲಿ ಗರಿಗಳ ಕೆಳಗೆ ಇರುವ ಮೆತ್ತನೆಯದು. ಅದಕ್ಕೆ ಗರಿಯ ಹಾಗೆ ನಡುವೆ ಕಡ್ಡಿ ಇರುವುದಿಲ್ಲ. ಒಂದು ಚುಕ್ಕೆಯಿಂದ ಎಲ್ಲ ದಿಕ್ಕಿಗೂ ಎಳೆಗಳು ಹೊರಟಿರುತ್ತವೆ. ಎಳೆಗಳ ನಡುವೆ ಗಾಳಿ ಅಲ್ಲಾಡದೆ ನಿಲ್ಲುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ಧಾರವಾಡದ ನಮ್ಮ ಮನೆಯ ಪಡಸಾಲೆ. ದೀಪಾವಳಿಗೆ ಮುಂಚೆ ಪಿಂಜಾರರ ಅಜ್ಜ ಬರುತ್ತಿದ್ದರು. ಹಳೆಯ ಗಾದಿ ಬಿಚ್ಚಿ, ಗಂಟುಗಂಟಾಗಿ ಕಲ್ಲಿನಂತಾದ ಅರಳೆಯನ್ನು ನೆಲಕ್ಕೆ ಸುರಿದು, ಉದ್ದನೆಯ ಬಿಲ್ಲಿನಿಂದ ಮೀಟುತ್ತಿದ್ದರು. ಟಂಯ್ ಟಂಯ್ ಅಂತ ಸದ್ದು. ಸಂಜೆಯ ಹೊತ್ತಿಗೆ ಅದೇ ಅರಳೆ ಪಡಸಾಲೆ ತುಂಬಾ ಮೋಡದಂತೆ ಎದ್ದು ನಿಲ್ಲುತ್ತಿತ್ತು. ಅಜ್ಜ ಒಂದು ಹಿಡಿ ಹತ್ತಿಯನ್ನೂ ಹೊಸದಾಗಿ ಸೇರಿಸಿರುತ್ತಿರಲಿಲ್ಲ. ಗಾಳಿ ಸೇರಿಸಿರುತ್ತಿದ್ದರು. ಡೌನ್ ಬ್ಯಾಗಿನ ಲೆಕ್ಕವೆಲ್ಲ ಇಷ್ಟೇ. ಫಿಲ್ ಪವರ್ ಅಂತ ಬರೆದಿರುತ್ತಾರಲ್ಲ, 650, 800, 900 ಅಂತ, ಅದು ಒಂದು ಔನ್ಸ್ ತುಪ್ಪುಳ ಎಷ್ಟು ಘನ ಇಂಚು ಜಾಗಕ್ಕೆ ಅರಳುತ್ತದೆ ಅನ್ನುವ ಅಳತೆ. ಔನ್ಸ್ ಅಂದರೆ 28 ಗ್ರಾಂ. 800 ಘನ ಇಂಚು ಅಂದರೆ 13 ಲೀಟರ್. ಒಂದು ಹಿಡಿ ತೂಕದ ತುಪ್ಪುಳ ಬಚ್ಚಲಮನೆಯ ಬಕೆಟ್ಟಿನ ಮುಕ್ಕಾಲು ಪಾಲು ತುಂಬುತ್ತದೆ! ನಂಬರ್ ಹೆಚ್ಚಾದಷ್ಟೂ ಅಷ್ಟೇ ಬಿಸಿಗೆ ಕಡಿಮೆ ತೂಕ ಸಾಕು. ಬೆಲೆಯೂ ಹಾಗೇ ಏರುತ್ತದೆ.

ಅಂಗಡಿಗೆ ಹೋದದ್ದು ಒಂದು ಶನಿವಾರ. ಬೆಳಿಗ್ಗೆ ಹತ್ತಕ್ಕೆ ಹೋದವಳು ಹೊರಬಂದಾಗ ಮೂರು ಗಂಟೆ. ಮಾರುವ ಹುಡುಗ ತಾಳ್ಮೆಯಿಂದ ಐದು ಬ್ಯಾಗು ಬಿಡಿಸಿ ಹಾಸಿದ. "ಮೇಡಂ, ಎರಡೂ 800 ಫಿಲ್ಲೇ. ಇದು ಏಳು ಸಾವಿರ ಕಡಿಮೆ ಬೀಳುತ್ತೆ, ಇದನ್ನೇ ತಗೊಳ್ಳಿ" ಅಂದ. ನಾನು ಎರಡರ ಪಟ್ಟಿಯನ್ನೂ ಓದಿದೆ. ಒಂದರಲ್ಲಿ ತುಪ್ಪುಳ 320 ಗ್ರಾಂ, ಇನ್ನೊಂದರಲ್ಲಿ 560 ಗ್ರಾಂ. 800 ಅನ್ನುವುದು ತುಪ್ಪುಳದ ಗುಣ. ಎಷ್ಟು ತುಂಬಿದ್ದಾರೆ ಅನ್ನುವುದು ಬೇರೆ ಮಾತು. ಅಕ್ಕಿ ಎಷ್ಟೇ ಒಳ್ಳೆಯದಾದರೂ ಅರ್ಧ ಪಾವು ಹಾಕಿದರೆ ನಾಲ್ಕು ಜನಕ್ಕೆ ಅನ್ನ ಆಗುವುದಿಲ್ಲ, ಅಲ್ವಾ?

ಆಮೇಲೆ ಹೊಲಿಗೆ ನೋಡಿದೆ. ಇದನ್ನು ನೋಡುವ ಕಣ್ಣು ನನಗೆ ಕೌದಿಯಿಂದ ಬಂದದ್ದು. ಕೌದಿಯಲ್ಲಿ ಮೇಲಿನ ಬಟ್ಟೆಯಿಂದ ಕೆಳಗಿನ ಬಟ್ಟೆಯವರೆಗೆ ಸೂಜಿ ಹೋಗಿ ಬಂದಿರುತ್ತದೆ. ಹೊಲಿಗೆಯ ಗೆರೆಯಲ್ಲಿ ಅದು ತೆಳ್ಳಗೆ. ಧಾರವಾಡದ ಚಳಿಗೆ ಅದು ಸಾಕು. ಅಗ್ಗದ, ತೀರಾ ಹಗುರದ ಡೌನ್ ಬ್ಯಾಗುಗಳನ್ನೂ ಹೀಗೇ ಹೊಲಿದಿರುತ್ತಾರೆ. ಗೆರೆಗೆರೆಯಲ್ಲೂ ತುಪ್ಪುಳ ಇಲ್ಲದ ಜಾಗ. ಮೈನಸ್‌ನಲ್ಲಿ ಚಳಿ ಅಲ್ಲಿಂದಲೇ ನುಗ್ಗುತ್ತದೆ. ಚಳಿಗಾಲದ ಬ್ಯಾಗಿನಲ್ಲಿ ಎರಡು ಬಟ್ಟೆಗಳ ನಡುವೆ ತೆಳು ಜಾಲರಿಯ ಗೋಡೆ ನಿಲ್ಲಿಸಿ ಖಾನೆ ಮಾಡಿರಬೇಕು. ಬ್ಯಾಗನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹೊಲಿಗೆಯ ಗೆರೆಯಲ್ಲಿ ಬೆಳಕು ತೂರಿ ಬಂದರೆ ಅದು ಬೇಡ.

ಕೊನೆಗೆ ನೆಲದ ಮೇಲೆ ಮಲಗಿ ನೋಡಿದೆ. ಹೆಚ್ಚಿನವರು ಇದಕ್ಕೆ ನಾಚಿಕೊಳ್ಳುತ್ತಾರೆ. ದಯವಿಟ್ಟು ನಾಚಬೇಡಿ. ಜಿಪ್ ಪೂರ್ತಿ ಎಳೆದು, ಟೋಪಿಯ ದಾರ ಬಿಗಿದು, ಮಗ್ಗುಲು ತಿರುಗಿ ನೋಡಬೇಕು. ಮೊದಲ ಬ್ಯಾಗು ನನಗೆ ಅರ್ಧ ಅಡಿ ಉದ್ದ ಜಾಸ್ತಿ. ಕಾಲ ಕೆಳಗಿನ ಆ ಖಾಲಿ ಜಾಗವನ್ನೂ ನನ್ನ ಮೈಯೇ ಬಿಸಿ ಮಾಡಬೇಕು. ಎರಡನೆಯದರಲ್ಲಿ ಭುಜ ಬಿಗಿಯಾಯಿತು. ಮೈ ಒತ್ತಿದರೆ ತುಪ್ಪುಳ ಅರಳುವುದಿಲ್ಲ. ಮೂರನೆಯದು ಹೆಂಗಸರಿಗೆಂದೇ ಮಾಡಿದ್ದು. ಉದ್ದ ಕಡಿಮೆ, ಪಾದದ ಹತ್ತಿರ ತುಪ್ಪುಳ ಜಾಸ್ತಿ. ಜಿಪ್ಪಿನ ಹಿಂದೆ ಉದ್ದಕ್ಕೂ ತುಪ್ಪುಳ ತುಂಬಿದ ಕೊಳವೆ, ಕುತ್ತಿಗೆ ಸುತ್ತ ಒಂದು ಪಟ್ಟಿ. ಕಂಫರ್ಟ್ ಮೈನಸ್ 6, ಲಿಮಿಟ್ ಮೈನಸ್ 12. ಒಟ್ಟು ತೂಕ 980 ಗ್ರಾಂ. ಬಾಡಿಗೆ ಬ್ಯಾಗಿನ ಅರ್ಧ. ಇಪ್ಪತ್ತು ಸಾವಿರದ ಮೇಲಾಯಿತು. ಒಂಬತ್ತು ತಿಂಗಳು ಕೂಡಿಟ್ಟ ಹಣ.

ಆದರೆ ಆ ದಿನ ಕೊಳ್ಳಲಿಲ್ಲ. ಅವ್ವನಿಗೆ ಫೋನ್ ಮಾಡಿದೆ. ಅವ್ವ ಎಲ್ಲ ಕೇಳಿಸಿಕೊಂಡು, "ಹಕ್ಕಿ ಜೀವಂತ ಇದ್ದಾಗನ ಕೀಳ್ತಾರೇನವಾ?" ಅಂತ ಒಂದೇ ಪ್ರಶ್ನೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫಿಲ್ ಪವರ್, ಹೊಲಿಗೆ, ತೂಕ ಎಲ್ಲ ಕೇಳಿದವಳು ಇದನ್ನು ಕೇಳಿರಲಿಲ್ಲ. ಹುಡುಕಿದಾಗ ತಿಳಿದದ್ದು, ತುಪ್ಪುಳ ಹೆಚ್ಚಾಗಿ ಮಾಂಸಕ್ಕಾಗಿ ಸಾಕಿದ ಹಕ್ಕಿಗಳದು. ಜೀವಂತ ಹಕ್ಕಿಯಿಂದ ಕೀಳುವುದೂ ನಡೆದಿದೆ. ಅದನ್ನು ತಡೆಯಲು 2014ರಲ್ಲಿ ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್ ಎಂಬ ಪ್ರಮಾಣಪತ್ರ ಬಂತು. ಜೀವಂತ ಹಕ್ಕಿಯಿಂದ ಕೀಳುವುದು, ಬಲವಂತವಾಗಿ ಮೇವು ತುರುಕುವುದು ಎರಡನ್ನೂ ಅದು ಒಪ್ಪುವುದಿಲ್ಲ. ಮುಂದಿನ ವಾರ ಹೋಗಿ ಆ ಗುರುತು ಇದೆಯಾ ಅಂತ ನೋಡಿಯೇ ಕೊಂಡೆ. ಮನಸ್ಸು ಪೂರ್ತಿ ಹಗುರವಾಯಿತು ಅಂತ ಹೇಳಲಾರೆ. ಮಾಂಸ ತಿನ್ನದ ಮನೆಯಲ್ಲಿ ಬೆಳೆದವಳು ನಾನು. ಬೇಡ ಅನ್ನಿಸಿದವರು ಸಿಂಥೆಟಿಕ್ ಕೊಂಡು ಒಂದು ಕೆಜಿ ಹೆಚ್ಚು ಹೊತ್ತರೆ ಅದು ಸರಿಯಾದ ಆಯ್ಕೆಯೇ. ನನ್ನ ಮಂಡಿ ನೋವಿಗೆ ಆ ಒಂದು ಕೆಜಿ ದೊಡ್ಡದಾಗಿತ್ತು.

ಜನವರಿಯಲ್ಲಿ ಉತ್ತರಾಖಂಡದ್ದೇ ಇನ್ನೊಂದು ಕೆರೆ ಬ್ರಹ್ಮತಾಲ್‌ಗೆ ಹೋದೆವು. ಲೋಹಾಜಂಗ್ ಊರಿನಿಂದ ಹತ್ತಿ, ಬೇಕಲ್‌ತಾಲ್ ದಾಟಿ ಹೋಗುವ ದಾರಿ. ಎದುರಿಗೆ ತ್ರಿಶೂಲ್, ನಂದಾ ಘುಂಟಿ ಶಿಖರಗಳು. ಈ ಸಲ ಬ್ಯಾಗಿನ ಜೊತೆ ಮ್ಯಾಟ್ ಬಗ್ಗೆಯೂ ಯೋಚಿಸಿದ್ದೆ. ಮೈಭಾರಕ್ಕೆ ಬೆನ್ನ ಕೆಳಗಿನ ತುಪ್ಪುಳ ಅಪ್ಪಚ್ಚಿಯಾಗುತ್ತದೆ. ಅಲ್ಲಿ ಗಾಳಿಯೇ ಇಲ್ಲ ಅಂದಮೇಲೆ ಬಿಸಿಯೂ ಇಲ್ಲ. ಹಿಮದ ಮೇಲೆ ಮಲಗಿದವರನ್ನು ಕೆಳಗಿನಿಂದ ಕಾಯುವುದು ಮ್ಯಾಟೇ. ಅದು ಮೈಯ ಬಿಸಿ ನೆಲಕ್ಕೆ ಹೋಗದಂತೆ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್-ವ್ಯಾಲ್ಯೂ ಅಂತ ಅಂಕೆ ಇರುತ್ತದೆ. ಮಡಚುವ ಫೋಮ್ ಮ್ಯಾಟಿಗೆ 2ರ ಆಸುಪಾಸು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಅಂಕೆಗಳೂ ಕೂಡುತ್ತವೆ. ನಾನು ಫೋಮ್ ಹಾಸಿ, ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಕಿದೆ.

ಊಟ ಗಟ್ಟಿಯಾಗಿ ಮಾಡಿದೆ. ಬೇಳೆಗೆ ಎರಡು ಚಮಚ ತುಪ್ಪ. ಮಲಗುವ ಮುಂಚೆ ಟೆಂಟಿನ ಸುತ್ತ ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಂಡೆ. ಮಲಗುವುದಕ್ಕೇ ಅಂತ ತೆಗೆದಿಟ್ಟ ಒಣ ಉಣ್ಣೆಯ ಕಾಲುಚೀಲ. ಬಿಸಿನೀರಿನ ಬಾಟಲಿಯನ್ನು ಇನ್ನೊಂದು ಕಾಲುಚೀಲದಲ್ಲಿ ಸುತ್ತಿ ಪಾದದ ಹತ್ತಿರ ಇಟ್ಟೆ. ಬ್ಯಾಗನ್ನು ಟೆಂಟ್ ಹಾಕಿದ ಕೂಡಲೇ ಚೀಲದಿಂದ ತೆಗೆದು ಕೊಡವಿ ಇಟ್ಟಿದ್ದೆ. ಒಂದು ತಾಸಿನಲ್ಲಿ ಅದು ಚೆನ್ನಾಗಿ ಉಬ್ಬಿತ್ತು. ಒಳಗೆ ಸೇರಿದಾಗ ಮೊದಲು ತಣ್ಣಗಿತ್ತು. ಐದು ನಿಮಿಷದಲ್ಲಿ ಬೆನ್ನು, ಆಮೇಲೆ ತೊಡೆ, ಕೊನೆಗೆ ಬೆರಳು. ಕಾಲಿನ ಹತ್ತೂ ಬೆರಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಕಣ್ಣು ತುಂಬಿ ಬಂತು. ಬೆಳಿಗ್ಗೆ ಗೈಡ್ ಮೈನಸ್ 7 ಅಂದ. ನಾನು ಏಳು ತಾಸು ನಿದ್ದೆ ಮಾಡಿದ್ದೆ.

ಮೂರನೆಯ ರಾತ್ರಿ ಹಿಮ ಬಿತ್ತು. ನಮ್ಮ ಉಸಿರೇ ಟೆಂಟಿನ ಒಳಗೋಡೆಗೆ ಅಂಟಿ ಮಂಜಾಗಿತ್ತು. ನಿದ್ದೆಯಲ್ಲಿ ನಾನು ಕೆಳಗೆ ಜಾರಿದ್ದೆ, ಬ್ಯಾಗಿನ ಪಾದದ ಭಾಗ ಗೋಡೆಗೆ ತಾಗಿಕೊಂಡಿತ್ತು. ಬೆಳಿಗ್ಗೆ ಮುಟ್ಟಿದರೆ ಒದ್ದೆ. ಒಳಗೆ ತುಪ್ಪುಳ ಗಂಟುಕಟ್ಟಿ, ಬಟ್ಟೆ ಮಾತ್ರ ಜೋತುಬಿದ್ದಿತ್ತು. ಉಣ್ಣೆಯ ಕಂಬಳಿ ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನಮ್ಮ ಕಡೆ ಕುರಿ ಕಾಯುವವರು ಮಳೆಯಲ್ಲಿ ಅದನ್ನೇ ಹೊದ್ದು ನಿಲ್ಲುವುದನ್ನು ನೋಡಿದ್ದೇನೆ. ತುಪ್ಪುಳಕ್ಕೆ ಆ ಶಕ್ತಿ ಇಲ್ಲ. ಅಂದೇ ಇಳಿಯುವ ದಿನವಾದ್ದರಿಂದ ಬಚಾವಾದೆ. ಇನ್ನೊಂದು ರಾತ್ರಿ ಮೇಲೆಯೇ ಇದ್ದಿದ್ದರೆ ಪಾದಕ್ಕೆ ಮತ್ತೆ ಕಷ್ಟವಿತ್ತು.

ಲೋಹಾಜಂಗ್‌ನಲ್ಲಿ ಮಧ್ಯಾಹ್ನ ಒಳ್ಳೆಯ ಬಿಸಿಲು. ಲಾಡ್ಜಿನ ತಾರಸಿಯಲ್ಲಿ ಚಾಪೆ ಹಾಸಿ ಬ್ಯಾಗನ್ನು ತಿರುವಿ ಹಾಕಿದೆ. ಪಾದದ ಹತ್ತಿರದ ಖಾನೆಗಳಲ್ಲಿ ಗಂಟುಗಳು ಬಟಾಣಿಯಂತೆ ಕೈಗೆ ಸಿಗುತ್ತಿದ್ದವು. ಒಂದೊಂದನ್ನೇ ಬಟ್ಟೆಯ ಮೇಲಿನಿಂದ ಬೆರಳಲ್ಲಿ ಮೆಲ್ಲಗೆ ಬಿಡಿಸುತ್ತ ಹೋದೆ. ತಮ್ಮ ಪಕ್ಕದಲ್ಲಿ ಚಹಾ ಇಟ್ಟು, "ಅಕ್ಕಾ, ಪಿಂಜಾರ ಅಜ್ಜ ಹಿಂಗ ಕೂಡ್ತಿದ್ದರಲ್ಲ" ಅಂದ. ಹೌದು ಅಂದೆ. ಅವನೂ ಇನ್ನೊಂದು ತುದಿಯಿಂದ ಗಂಟು ಬಿಡಿಸಲು ಕೂತ. ಮೂರು ಗಂಟೆಯ ಹೊತ್ತಿಗೆ ಕೊನೆಯ ಖಾನೆಯೂ ಉಬ್ಬಿ ಬಂತು.