ಹತ್ತು ಲೀಟರಿನ ಬಾಲ್ದಿ

ಈ ಸಂಚಿಕೆ ತರುತ್ತಿರುವ, ಕಾಸರಗೋಡು ಕಡೆಯ ನಮ್ಮ ಶಾಲೆಗೆ ನಾನು ಎಂಟನೆಯ ತರಗತಿಗೆ ಸೇರಿದ್ದು 1994ರ ಜೂನಿನಲ್ಲಿ. ಹಾಜರಿ ಕರೆಯುವಾಗ ಬಿಟ್ಟರೆ ಆ ವರ್ಷವಿಡೀ ತರಗತಿಯಲ್ಲಿ ನನ್ನ ಸ್ವರ ಯಾರೂ ಕೇಳಿರಲಿಕ್ಕಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಮೂರರಲ್ಲಿಯೂ ಎಲ್ಲಿ ತಪ್ಪುತ್ತೇನೋ ಎಂಬ ಹೆದರಿಕೆ. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿತ್ತು. ಅಪ್ಪ ನೀರಿಗಾಗಿ ಗುಡ್ಡದೊಳಗೆ ಸುರಂಗ ತೋಡುವವರು. ಸಂಜೆ ಮೈಯೆಲ್ಲ ಮುರಕಲ್ಲಿನ ಕೆಂಪು ಧೂಳು ಮೆತ್ತಿಕೊಂಡು, ಹೆಗಲ ಮೇಲೆ ಪಿಕ್ಕಾಸು ಇಟ್ಟುಕೊಂಡು ಅವರು ಎದುರಾದರೆ ನಾನು ಗೆಳತಿಯರ ಹಿಂದೆ ಸರಿಯುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಆದರೆ ಇದನ್ನು ಬಿಟ್ಟು ಮುಂದಿನದ್ದನ್ನು ಹೇಳಲಿಕ್ಕಾಗುವುದಿಲ್ಲ.

ಒಂಬತ್ತನೆಯಲ್ಲಿ ಗಣಿತಕ್ಕೆ ಹೊಸ ಮಾಷ್ಟ್ರು ಬಂದರು. ಹೆಸರು ಬರೆಯಬಾರದೆಂದು ಅವರೇ ಫೋನಿನಲ್ಲಿ ಹೇಳಿದ್ದರಿಂದ ಇಲ್ಲಿಯೂ ಮಾಷ್ಟ್ರು ಎಂದೇ ಇರಲಿ. ಪೆರಡಾಲದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತ, ಮನೆಗೆ ಬಂದರೆ ಕೃಷಿ ಮಾಡುತ್ತಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಊರು ನಮ್ಮದು. ಮಣ್ಣಿನ ಕೆಲಸವೂ ಪಾಠವೂ ಬೇರೆ ಬೇರೆ ಎಂದು ನಮ್ಮ ಮಾಷ್ಟ್ರಿಗೂ ಅನಿಸುತ್ತಿರಲಿಲ್ಲ.

ಹಿಂಗಾರಿನ ತುಲಾಮಳೆ ನಿಂತ ಮೇಲೆ ಒಂದು ದಿನ ಅವರು ನನ್ನನ್ನು ಸ್ಟಾಫ್ ರೂಮಿಗೆ ಕರೆದರು. ಮೇಜಿನ ಮೇಲೆ ಇನ್ನೂರು ಪುಟದ ಒಂದು ಹೊಸ ಪುಸ್ತಕ, ಪಕ್ಕದಲ್ಲಿ ಅವರದೇ ಕೈಗಡಿಯಾರ.

"ನಿಮ್ಮ ಬೈಲಿನಲ್ಲಿ ಎಷ್ಟು ಮನೆಗೆ ಸುರಂಗದ ನೀರು?"

"ಏಳು, ಸರ್."

"ಪ್ರತಿ ಆದಿತ್ಯವಾರ ಏಳು ಮನೆಗೂ ಹೋಗಬೇಕು. ಹತ್ತು ಲೀಟರಿನ ಬಾಲ್ದಿ ತುಂಬಲಿಕ್ಕೆ ಎಷ್ಟು ಸೆಕೆಂಡು ಬೇಕು, ಬರೆದಿಡಬೇಕು. ಮೇ ತಿಂಗಳ ಕೊನೆಯವರೆಗೆ. ವಿಜ್ಞಾನ ಮೇಳಕ್ಕಲ್ಲ, ಮಾರ್ಕಿಗೂ ಅಲ್ಲ. ನನಗೆ ಗೊತ್ತಾಗಬೇಕು."

ಇಷ್ಟೇ ಹೇಳಿದ್ದು. ನೀನು ಜಾಣೆ, ನಿನ್ನಿಂದ ಆಗುತ್ತದೆ ಎಂದೆಲ್ಲ ಒಂದು ಮಾತೂ ಇಲ್ಲ. ಅವರಿಗೆ ನಿಜವಾಗಿ ಬೇಕಾದದ್ದೊಂದು ನನ್ನ ಮೂಲಕವೇ ಆಗಬೇಕಿತ್ತು. ಬಾಯಿ ತುಂಬ ಹೊಗಳಿದ್ದರೂ ನಾನು ಅಷ್ಟು ನೆಟ್ಟಗೆ ನಿಲ್ಲುತ್ತಿರಲಿಲ್ಲವೇನೋ.

ಹೊರಗಿನ ಓದುಗರಿಗಾಗಿ ಒಂದಿಷ್ಟು ಹೇಳಬೇಕು. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೂ ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಮುಗಿಯುತ್ತದೆ. ಇಳಿಜಾರಿನ ಗುಡ್ಡದಲ್ಲಿ ಬಾವಿ ತೋಡುವುದು ಕಷ್ಟ. ಅದಕ್ಕೆ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಿಂತು ಕೊರೆಯುವಷ್ಟು ಅಗಲ, ಆಳೆತ್ತರ, ಮುರಕಲ್ಲನ್ನು ಕೊರೆಯುತ್ತ ಹೋಗುವುದು. ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ನಮ್ಮ ಮನೆಗೆ ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆಯಲ್ಲಿ ಬರುತ್ತಿತ್ತು.

ಮೊದಲ ಆದಿತ್ಯವಾರ ಆರು ಮನೆಗೆ ಹೋದೆ. ಏಳನೆಯದು ದೊಡ್ಡ ತೋಟದ ಮನೆ. ಅಂಗಳದಲ್ಲಿ ಗಂಡಸರು ಕೂತು ಅಡಿಕೆ ಲೆಕ್ಕ ಮಾತಾಡುತ್ತಿದ್ದರು. ಬೇಲಿ ದಾಟುವ ತಡಮೆಯ ಹತ್ತಿರ ಕಾಲು ಗಂಟೆ ನಿಂತು ವಾಪಸು ಬಂದೆ. ಪುಸ್ತಕದಲ್ಲಿ 64 ಸೆಕೆಂಡು ಎಂದು ಬರೆದೆ. ಮುಂದಿನ ವಾರವೂ ಹೆದರಿಕೆ, ಮತ್ತೆ 64. ಸೋಮವಾರ ಮಾಷ್ಟ್ರು ಪುಟ ತಿರುವಿ ಆ ಎರಡು ಅಂಕೆಗಳ ಮೇಲೆ ಬೆರಳಿಟ್ಟರು. ನನಗೆ ಕಣ್ಣೀರೇ ಬಂತು. ಅವರು ಬೈಯಲಿಲ್ಲ, ಅಂಕೆಗಳನ್ನು ಹೊಡೆದು ಹಾಕಲೂ ಇಲ್ಲ. "ಬರುವ ಆದಿತ್ಯವಾರ ಆ ಮನೆಗೆ ನಾನೂ ಬರ್ತೇನೆ" ಎಂದರು ಅಷ್ಟೆ.

ಬಂದರು. ತಡಮೆಯವರೆಗೆ ಒಟ್ಟಿಗೆ ನಡೆದರು. ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು, "ಹೋಗಿ ಬಾ, ನಾನು ಇಲ್ಲೇ ಇದ್ದೇನೆ" ಎಂದರು. ಅವರು ಒಳಗೆ ಬಂದಿದ್ದರೆ ಎರಡು ನಿಮಿಷದ ಕೆಲಸ. ಮಾಷ್ಟ್ರು ಬಂದರೆಂದು ಆ ಮನೆಯವರು ಎದ್ದು ನಿಂತು ಬಾಲ್ದಿ ತಂದುಕೊಡುತ್ತಿದ್ದರು, ಮತ್ತು ಆ ವರ್ಷವಿಡೀ ನನಗೆ ಅವರು ಬೇಕಾಗುತ್ತಿದ್ದರು. ನಾನೊಬ್ಬಳೇ ಅಂಗಳ ದಾಟಿದೆ. ಮನೆಯ ಅಜ್ಜಿ "ಎಂತ ಮಗಾ?" ಎಂದು ಕೇಳಿದರು. ನನ್ನ ಬಾಯಿಂದ ಇಡೀ ಒಂದು ವಾಕ್ಯ ಹೊರಬಂತು. ಆ ದಿನದ ಲೆಕ್ಕ 71 ಸೆಕೆಂಡು.

ಡಿಸೆಂಬರಿನಲ್ಲಿ ನಮ್ಮ ಮನೆಯ ಸುರಂಗದಲ್ಲಿ 50 ಸೆಕೆಂಡಿಗೆ ತುಂಬುತ್ತಿದ್ದ ಬಾಲ್ದಿಗೆ ಮೇ ಕೊನೆಗೆ 250 ಸೆಕೆಂಡು ಬೇಕಾಯಿತು. ದಾರದಷ್ಟು ಸಪೂರ ನೀರು. ರಜೆಯಲ್ಲಿ ಸಿಕ್ಕಿದ ಮಾಷ್ಟ್ರಿಗೆ "ಬತ್ತಿಹೋಯಿತು ಸರ್" ಎಂದೆ. "ದಿನಕ್ಕೆ ಎಷ್ಟಾಗ್ತದೆ, ಲೆಕ್ಕ ಮಾಡು" ಎಂದರು. ನಿಮಿಷಕ್ಕೆ 2.4 ಲೀಟರು, 24 ಗಂಟೆಗೆ 3,456 ಲೀಟರು! ನಾನು ಮೂರು ಸಲ ಗುಣಿಸಿ ನೋಡಿದೆ. ರಾತ್ರಿ ನಾವು ಮಲಗಿದ್ದಾಗಲೂ ಅದು ಹರಿಯುತ್ತಲೇ ಇರುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಹತ್ತನೆಯ ತರಗತಿ ಸುರುವಾದ ಮೇಲೆ ಅವರು ಅಪ್ಪನನ್ನು ಶಾಲೆಗೆ ಕರೆಸಿದರು. ನನಗೆ ನೆಲ ಬಿರಿಯಬಾರದೇ ಎನಿಸಿತು. ಅಪ್ಪ ಒಗೆದ ಅಂಗಿ ಹಾಕಿಕೊಂಡು, ಪಿಕ್ಕಾಸು ಹಿಡಿದುಕೊಂಡೇ ಬಂದರು. ತುಳುವಿನಲ್ಲಿಯೇ ಮಾತಾಡಿದರು. ಮಾಷ್ಟ್ರು ಪಕ್ಕದಲ್ಲಿ ನಿಂತು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತ ಹೋದರು: ಒಂದು ಕೋಲು ಎಂದರೆ ಎರಡೂವರೆ ಅಡಿ, 40 ಕೋಲಿನ ಸುರಂಗ 100 ಅಡಿ. ನೆಲ ಬಾಯಿಯ ಕಡೆಗೆ ಒಂಚೂರು ಇಳಿಯಬೇಕು, ಇಲ್ಲದಿದ್ದರೆ ನೀರು ಒಳಗೇ ನಿಲ್ಲುತ್ತದೆ. ಆ ಇಳಿಜಾರನ್ನು ಕತ್ತಲಲ್ಲಿ ಹೇಗೆ ಅಳೆಯುತ್ತೀರಿ ಎಂದು ಮಾಷ್ಟ್ರು ಶಿಷ್ಯನ ಹಾಗೆ ಕೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ "ಹೆದರಿಕೆ ಆಗುದಿಲ್ವಾ?" ಎಂದ. "ಮೇಣದ ಬತ್ತಿ ಉರಿಯುವವರೆಗೆ ಇಲ್ಲ. ನಂದಿದರೆ ಗಾಳಿ ಇಲ್ಲ ಅಂತ ಅರ್ಥ, ಹೊರಗೆ ಬರುದು" ಎಂದರು ಅಪ್ಪ. ತರಗತಿ ಸ್ತಬ್ಧವಾಗಿತ್ತು. ಅಪ್ಪನಿಗೆ ಇಷ್ಟೆಲ್ಲ ಗೊತ್ತಿದೆ ಎಂದು ನನಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ನಾನಂತೂ ಕೇಳಿರಲೇ ಇಲ್ಲ.

ಎಸ್ಸೆಸ್ಸೆಲ್ಸಿ ಮುಗಿಸಿ, ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಪ್ರಿಡಿಗ್ರಿ ಓದಿ, ಆಮೇಲೆ ನರ್ಸಿಂಗ್ ಸೇರಿದೆ. ಮೊದಲು ಕೆಲಸಕ್ಕೆ ಸೇರಿದ ಆಸ್ಪತ್ರೆಯಲ್ಲಿ ಎರಡನೆಯ ವಾರ ಒಬ್ಬ ಅಜ್ಜನಿಗೆ ಡ್ರಿಪ್ ಹಾಕಲು ಹೋಗಿ ನರ ಸಿಗಲಿಲ್ಲ. ಹಿರಿಯ ಸಿಸ್ಟರ್ ಟ್ರೇ ಕಸಿದುಕೊಂಡರು. ಆಮೇಲೆ ಎಷ್ಟೋ ತಿಂಗಳು ನನಗೆ ಚಾರ್ಟು ತುಂಬಿಸುವುದೇ ಕೆಲಸ. ಎಂಟನೆಯ ತರಗತಿಯ ಆ ಮೌನ ನನ್ನೊಳಗೆ ಮತ್ತೆ ಬಂದು ಕೂತಿತು.

ವರ್ಷಗಳ ಮೇಲೆ ನಾನೇ ವಾರ್ಡಿನ ಇನ್‌ಚಾರ್ಜ್ ಆದೆ. ಹೊಸ ಹುಡುಗಿಯೊಬ್ಬಳ ಕೈ ನಡುಗಿದ್ದು ಕಂಡು, ರೋಗಿಗಳು ಕಾಯುತ್ತಿದ್ದಾರೆಂದು, ನಾನೂ ಟ್ರೇ ಕಸಿದುಕೊಂಡೆ. ಒಂದೇ ಸಲವಲ್ಲ. ಅವಳು ಚಾರ್ಟು ತುಂಬಿಸಲು ತಾನಾಗಿಯೇ ಎದ್ದು ಹೋಗತೊಡಗಿದಾಗ ನನಗೆ ತಡಮೆಯ ಹೊರಗಿನ ಆ ಕಲ್ಲು ನೆನಪಾಯಿತು.

ಮರುದಿನ ಅವಳೊಡನೆ ಮಂಚದವರೆಗೆ ಹೋದೆ. "ಯಾವುದು ತೆಗೆದುಕೊಳ್ತೀ?" ಎಂದೆ. ನಮ್ಮಲ್ಲಿ ಡ್ರಿಪ್ಪಿಗಾಗಿ ನರಕ್ಕೆ ಚುಚ್ಚುವ ಕ್ಯಾನುಲಾದ ಅಳತೆ ಬಣ್ಣದಲ್ಲೇ ತಿಳಿಯುತ್ತದೆ. 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ; ಅಂಕೆ ಏರಿದಷ್ಟು ಸೂಜಿ ಸಪೂರ. ರೋಗಿ ತೀರಾ ಸಣಕಲು ಅಜ್ಜಿ. ಅವಳು ನೀಲಿ ಎತ್ತಿಕೊಂಡಳು, ಸರಿಯಿತ್ತು. ಪರದೆಯ ಹತ್ತಿರ ನಿಂತು ನನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಎರಡು ಸಲ ತಪ್ಪಿದರೆ ಇನ್ನೊಬ್ಬರ ಕೈ, ಅದು ರೋಗಿಗಾಗಿ ಇಟ್ಟುಕೊಂಡ ನಿಯಮ. ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಕ್ಯಾನುಲಾದಲ್ಲಿ ರಕ್ತ ಕಾಣಿಸಿತು, ನರ ಸಿಕ್ಕಿತ್ತು. ನಾನು ಕೈ ಕಟ್ಟಿ ನಿಂತ ಆ ಮೂರು ನಿಮಿಷ ನನ್ನ ವೃತ್ತಿಯಲ್ಲಿ ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಒಂದು. ಈಗ ಆ ಹುಡುಗಿ ರಾತ್ರಿ ಪಾಳಿ ನಡೆಸುತ್ತಾಳೆ, ಹೊಸಬರು ಮೊದಲು ಹೋಗುವುದು ಅವಳ ಹತ್ತಿರ.

ಆಮೇಲೆ ಓದಿ ತಿಳಿದೆ: ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನರ್ 1984ರಲ್ಲಿ, ಏನೂ ಅರಿಯದವಳಿಂದ ನುರಿತವಳವರೆಗೆ ನರ್ಸ್ ಒಬ್ಬಳು ದಾಟುವ ಐದು ಹಂತಗಳನ್ನು ವಿವರಿಸಿದ್ದಾರೆ. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಇದ್ದರೆ ನಡುವಿನ ಹಂತಕ್ಕೆ ಬರಬಹುದಂತೆ. ಓದಿದಾಗ ಸಂತೋಷವಾಯಿತು. ಆ ಎರಡು ಮೂರು ವರ್ಷ ಟ್ರೇ ಅವಳ ಕೈಯಲ್ಲೇ ಇರಬೇಕಲ್ಲ, ಅದನ್ನು ನೋಡಿಕೊಳ್ಳುವುದು ನಮ್ಮಂಥವರ ಪಾಲಿನ ಕೆಲಸ.

ಸಂಪಾದಕರಲ್ಲಿ ಒಂದು ವಿನಂತಿ. ನಮ್ಮ ಆ ಇನ್ನೂರು ಪುಟದ ಪುಸ್ತಕ ಶಾಲೆಯಲ್ಲೇ ಉಳಿದಿತ್ತು. ಲ್ಯಾಬಿನ ಕಪಾಟಿನಲ್ಲಿ ಇದ್ದರೆ ಹುಡುಕಿಸಿ. ಅರ್ಧಕ್ಕಿಂತ ಹೆಚ್ಚು ಪುಟ ಖಾಲಿ ಇವೆ. ಈ ವರ್ಷ ಒಂಬತ್ತರಲ್ಲಿ ಹಾಜರಿಗೆ ಬಿಟ್ಟರೆ ಬಾಯಿ ತೆರೆಯದ ಮಗು ಯಾವುದೋ, ಅದರ ಕೈಗೆ ಕೊಡಿ. ನಮ್ಮ ಮನೆಯ ಸುರಂಗ ಈಗಲೂ ಹರಿಯುತ್ತಿದೆ. ಅಪ್ಪ ಆದಿತ್ಯವಾರ ಮನೆಯಲ್ಲೇ ಇರುತ್ತಾರೆ, ಬಾಲ್ದಿ ನಮ್ಮದೇ ಇದೆ.